ಕೊಜುಮೆಲ್ ದ್ವೀಪದಲ್ಲಿ ಊಟದ ಹುಡುಕಾಟ

ಮೆಕ್ಸಿಕೋ ದೇಶದ ಕೊಜುಮೆಲ್ ಎಂಬ ದ್ವೀಪಕ್ಕೆ ನಾವು ಹೋಗಿ ಬಂದ ಸುದ್ದಿಯನ್ನು ತಿಳಿದ ಬಂಧುಮಿತ್ರರು ತಪ್ಪದೆ ಕೇಳುವ ಪ್ರಶ್ನೆ ಒಂದೇ: ‘ಅಲ್ಲಿ ಊಟಕ್ಕೇನು ಮಾಡಿದಿರಿ?’ ಅಲ್ಲಿಯ ಸಮುದ್ರ ಹೇಗಿತ್ತು, ಜನ ಹೇಗಿದ್ದರು ಎಂಬುದೆಲ್ಲ ಆಮೇಲಿನ ಮಾತು. ಈ ಪ್ರಶ್ನೆಯಲ್ಲಿ ತಪ್ಪೇನೂ ಇಲ್ಲ. ಪರಸ್ಥಳಕ್ಕೆ ಹೊರಟವರ ಬುತ್ತಿಯ ಚಿಂತೆಯನ್ನು ಮಾಡುವುದು ನಮ್ಮ ಕಡೆಯ ಮನೆತನಗಳ ಹಳೆಯ ರೂಢಿ. ‘ರೊಟ್ಟಿ, ಕಾಳು, ಹಣ್ಣು ಎಲ್ಲವೂ ಸಿಕ್ಕಿತು, ಏನೂ ತೊಂದರೆಯಾಗಲಿಲ್ಲ’ ಎಂದು ನಾವು ಇದುವರೆಗೆ ಎರಡೇ ಮಾತಿನಲ್ಲಿ ಉತ್ತರ ಕೊಟ್ಟು ಜಾರಿಕೊಳ್ಳುತ್ತ ಬಂದಿದ್ದೇವೆ. ಆದರೆ ತೊಂದರೆಯಾಗಿತ್ತು. ಸಣ್ಣ ತೊಂದರೆಯೂ ಅಲ್ಲ. ಆದುದನ್ನು ಆದಂತೆಯೇ ಬರೆದುಬಿಡುವುದು ಲೇಸೆಂದು ಈಗ ಕುಳಿತಿದ್ದೇವೆ.

ನಮ್ಮ ಮಗನು ಅಮೆರಿಕದ ಹ್ಯೂಸ್ಟನ್ ನಗರದಲ್ಲಿ ಅನೇಕ ವರ್ಷಗಳಿಂದ ನೆಲೆಸಿದ್ದಾನೆ. ಅವನಿಗೂ ಸೊಸೆಗೂ ಇರುವ ದೊಡ್ಡ ಹವ್ಯಾಸವೆಂದರೆ ಬೆನ್ನಿಗೆ ಗಾಳಿಯ ಸಿಲಿಂಡರನ್ನು ಕಟ್ಟಿಕೊಂಡು ಕಡಲಿನೊಳಕ್ಕೆ ಇಳಿಯುವುದು. ಇದಕ್ಕೆ ಸ್ಕೂಬಾ ಡೈವಿಂಗ್ ಎನ್ನುತ್ತಾರೆ. ರಜೆ ದೊರೆತರೆ ಬೇರೆಯವರು ಗುಡ್ಡ ಹತ್ತುತ್ತಾರೆ, ಇವರು ನೀರಿಗೆ ಬೀಳುತ್ತಾರೆ. 2023ರ ಜನವರಿಯಲ್ಲಿ ನಾವಿಬ್ಬರೂ ಹ್ಯೂಸ್ಟನ್ನಿನಲ್ಲಿದ್ದಾಗ, ಒಂದು ವಾರ ಕೊಜುಮೆಲ್‌ಗೆ ಹೋಗೋಣ, ನೀವೂ ಬನ್ನಿ ಎಂದು ಒತ್ತಾಯ ಮಾಡಿದರು. ಅಮೆರಿಕದ ವೀಸಾ ಇದ್ದವರಿಗೆ ಮೆಕ್ಸಿಕೋ ಪ್ರವೇಶಕ್ಕೆ ಬೇರೆ ವೀಸಾ ಬೇಕಿರಲಿಲ್ಲವಾದ್ದರಿಂದ ಆ ನೆಪವೂ ನಮಗೆ ಉಳಿಯಲಿಲ್ಲ. ನಮ್ಮ ಮನೆಯವರು ಧಾರವಾಡದಿಂದ ತಂದಿದ್ದ ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿಗಳಲ್ಲಿ ಉಳಿದುದನ್ನು ಕಟ್ಟಿಕೊಂಡರು.

ಕಾನ್‌ಕೂನ್ ನಗರದಲ್ಲಿ ವಿಮಾನವಿಳಿದು, ಬಸ್ಸಿನಲ್ಲಿ ದಕ್ಷಿಣಕ್ಕೆ ಪ್ಲಾಯಾ ದೆಲ್ ಕಾರ್ಮೆನ್ ಎಂಬ ಊರಿಗೆ ಬಂದು, ಅಲ್ಲಿಂದ ಮುಕ್ಕಾಲು ತಾಸು ಹಡಗಿನಲ್ಲಿ ಸಾಗಿದರೆ ಕೊಜುಮೆಲ್. ಸುಮಾರು 48 ಕಿಲೋಮೀಟರ್ ಉದ್ದ, 16 ಕಿಲೋಮೀಟರ್ ಅಗಲದ ಸಪಾಟು ನೆಲ. ಸ್ಯಾನ್ ಮಿಗೆಲ್ ಎಂಬುದೊಂದೇ ದೊಡ್ಡ ಊರು. ದ್ವೀಪದ ಪಶ್ಚಿಮದ ಅಂಚಿಗುಂಟ ನೀರಿನೊಳಗೆ ಹವಳದ ದಿಬ್ಬಗಳು ಸಾಲಾಗಿ ನಿಂತಿವೆ. ಪಲಂಕಾರ್, ಸಾಂತಾ ರೋಸಾ, ಕೊಲಂಬಿಯಾ ಎಂದು ಅವಕ್ಕೆ ಹೆಸರುಗಳು. ಮೆಕ್ಸಿಕೋ ಸರ್ಕಾರವು 1996ರಲ್ಲಿ ಇವನ್ನು ರಾಷ್ಟ್ರೀಯ ಉದ್ಯಾನವೆಂದು ಘೋಷಿಸಿದೆ. ಇಲ್ಲಿ ಮುಳುಗುವವರು ಈಜಿ ದಣಿಯಬೇಕಾಗಿಲ್ಲವಂತೆ. ನೀರಿನ ಸೆಳವೇ ಅವರನ್ನು ದಿಬ್ಬದ ಗೋಡೆಯ ಪಕ್ಕದಲ್ಲಿ ತೇಲಿಸಿಕೊಂಡು ಹೋಗುತ್ತದೆ. ಮೇಲಿನ ದೋಣಿಯು ಅವರ ಉಸಿರಿನ ಗುಳ್ಳೆಗಳನ್ನು ನೋಡುತ್ತ ಹಿಂಬಾಲಿಸುತ್ತದೆ. ಮಲಪ್ರಭೆಯಲ್ಲಿ ಈಜು ಕಲಿತ ಹಮ್ಮಿನಿಂದ ನಾವೂ ಒಂದು ದಿನ ಕನ್ನಡಕ ಧರಿಸಿ, ಬಾಯಲ್ಲಿ ಉಸಿರುಕೊಳವೆಯನ್ನು ಕಚ್ಚಿಕೊಂಡು ದಡದ ಸಮೀಪದಲ್ಲಿಯೇ ನೀರಿನ ಮೇಲೆ ಬೋರಲಾಗಿ ತೇಲಿ ಕೆಳಗೆ ನೋಡಿದೆವು. ನೀಲಿ, ಹಳದಿ, ನೇರಳೆ ಮೀನುಗಳು ನಮ್ಮ ಮುಖದ ಮುಂದೆಯೇ ನಿಂತು ನಮ್ಮನ್ನು ನೋಡಿದವು. ಅದೊಂದು ಬೇರೆಯೇ ಲೋಕ. ಆದರೆ ಈ ಬರಹ ಆ ಲೋಕವನ್ನು ಕುರಿತದ್ದಲ್ಲ.

ನೀರಿನಿಂದ ಎದ್ದು ಬಂದವರಿಗೆ ವಿಪರೀತ ಹಸಿವು. ಮಗನೂ ಸೊಸೆಯೂ ಬೆಳಿಗ್ಗೆ ಎರಡು ಬಾರಿ ಮುಳುಗಿ, ಮಧ್ಯಾಹ್ನ ಒಂದು ಗಂಟೆಗೆ ದಡಕ್ಕೆ ಬರುವಷ್ಟರಲ್ಲಿ ಹಸಿದ ಹುಲಿಗಳಂತಾಗಿರುತ್ತಿದ್ದರು. ಮೊದಲನೆಯ ದಿನ ಸಮುದ್ರದೆದುರಿನ ರಸ್ತೆಯ ಹೋಟೆಲೊಂದಕ್ಕೆ ಹೋದೆವು. ಆ ರಸ್ತೆಗೆ ದಿನವೂ ದೊಡ್ಡ ದೊಡ್ಡ ವಿಹಾರ ಹಡಗುಗಳಿಂದ ಸಾವಿರಾರು ಜನ ಇಳಿಯುತ್ತಾರೆ. ಅಲ್ಲಿಯ ಪಟ್ಟಿಯಲ್ಲಿ ಮೆಕ್ಸಿಕೋದ ಊಟವೆಂದು ಬರೆದದ್ದು, ಹಳದಿ ಬಣ್ಣದ ಚೀಸು ಸುರಿದ ಹಪ್ಪಳದಂಥ ಚೂರುಗಳು. ಹ್ಯೂಸ್ಟನ್ನಿನ ಸಿನಿಮಾ ಮಂದಿರದಲ್ಲಿಯೂ ಅದೇ ಸಿಗುತ್ತದೆ. ಬೆಲೆಯನ್ನು ಡಾಲರಿನಲ್ಲಿ ಬರೆದಿದ್ದರು. ನಮ್ಮ ಮನೆಯವರು ಚೀಸನ್ನು ಚಮಚೆಯಿಂದ ಬದಿಗೆ ಸರಿಸಿ ನಾಲ್ಕು ಚೂರು ತಿಂದು, ಕೋಣೆಗೆ ಬಂದು ಕಡಕ್ ರೊಟ್ಟಿಯ ಗಂಟನ್ನು ಬಿಚ್ಚಿದರು.

ಸಂಜೆ ಮಗನು ಹಿಂದಿನ ಬೀದಿಯಲ್ಲಿ ಒಂದು ಚಿಕ್ಕ ಖಾನಾವಳಿಯನ್ನು ಹುಡುಕಿದನು. ಐದಾರು ಮೇಜುಗಳ ಸ್ಥಳ. ಅಲ್ಲಿ ಸ್ಥಳೀಯರೇ ಉಣ್ಣುತ್ತಿದ್ದರು. ರಾಜ್ಮಾ ಜಾತಿಯ ಒಂದು ಸಣ್ಣ ಕಪ್ಪು ಕಾಳನ್ನು ಬೇಯಿಸಿ, ಅರೆದು, ಬಾಣಲೆಯಲ್ಲಿ ಬಾಡಿಸಿ, ನುಣ್ಣನೆಯ ಗಟ್ಟಿ ಪಲ್ಯದಂತೆ ಬಡಿಸಿದರು. ಅದರೊಂದಿಗೆ ಮೆಕ್ಕೆಜೋಳದ ಬಿಸಿ ಟೊರ್ಟಿಯಾ. ಟೊರ್ಟಿಯಾ ಎಂದರೆ ಅಂಗೈಗಿಂತ ತುಸು ದೊಡ್ಡದಾದ ಮೆತ್ತನೆಯ ರೊಟ್ಟಿ. ನಮ್ಮ ಮನೆಯವರ ಮುಖ ಅರಳಿತು. ‘ಥೇಟ್ ನಮ್ಮ ಹೆಸರುಕಾಳ ಪಲ್ಯ, ರೊಟ್ಟಿ ಉಂಡಂಗ ಆತ ನೋಡ್ರಿ’ ಎಂದು ಎರಡನೆಯ ಬಾರಿ ಬಡಿಸಿಕೊಂಡರು. ಊರು ಬಿಟ್ಟ ಮೇಲೆ ಅವರು ಎರಡನೆಯ ಬಾರಿ ಬಡಿಸಿಕೊಂಡದ್ದು ಅದೇ ಮೊದಲು. ಮರುದಿನವೂ ಅಲ್ಲಿಯೇ ಊಟ, ಅದರ ಮರುದಿನವೂ ಅಲ್ಲಿಯೇ.

ಮೂರನೆಯ ದಿನ ಊಟದ ನಂತರ, ಈ ಪಲ್ಯವನ್ನು ಮಾಡುವ ಬಗೆಯನ್ನು ಕಲಿಯಬೇಕೆಂದು ಅವರು ಅಡುಗೆಮನೆಯ ಕಿಂಡಿಯ ಬಳಿಗೆ ಹೋಗಿ ನಿಂತರು. ಒಳಗಿದ್ದ ಹೆಣ್ಣುಮಗಳು ನಗುತ್ತ, ನೋಡಿ ಎಂಬಂತೆ ಕೈಸನ್ನೆ ಮಾಡಿದಳು. ಬಾಣಲೆಯನ್ನಿಟ್ಟು, ಒಂದು ಡಬ್ಬಿಯಿಂದ ಬೆಳ್ಳಗಿನ ಗಟ್ಟಿ ಪದಾರ್ಥವನ್ನು ದೊಡ್ಡ ಚಮಚೆಯಿಂದ ತೋಡಿ ಹಾಕಿದಳು.

‘ಬೆಣ್ಣಿ ಎಷ್ಟು ಬೆಳ್ಳಗ ಐತಿ! ಆಕಳದೋ ಎಮ್ಮಿದೋ ಕೇಳೋ ತಮ್ಮಾ’ ಎಂದು ನಮ್ಮ ಮನೆಯವರು ಮಗನನ್ನು ಕರೆದರು.

ಮಗನು ಕೇಳಲಿಲ್ಲ. ಸುಮ್ಮನೆ ನಿಂತನು. ಸೊಸೆಯು ನೆಲ ನೋಡಿದಳು. ಆ ಮೌನದಲ್ಲಿಯೇ ನಮ್ಮ ಮನೆಯವರಿಗೆ ಅರ್ಧ ತಿಳಿಯಿತು.

‘ಅವ್ವಾ, ಅದು ಬೆಣ್ಣಿ ಅಲ್ಲ.’

ಅದು ಹಂದಿಯ ಕೊಬ್ಬು. ಮಾಂತೇಕಾ ಎಂದು ಅಲ್ಲಿ ಅದರ ಹೆಸರು. ಆ ದೇಶದಲ್ಲಿ ಕಾಳನ್ನು ಬಾಡಿಸುವುದು ಬಹುಮಟ್ಟಿಗೆ ಅದರಲ್ಲಿಯೇ. ಖಾನಾವಳಿಯವರ ತಪ್ಪು ಇದರಲ್ಲಿ ಎಳ್ಳಷ್ಟೂ ಇಲ್ಲ. ಅವರು ಯಾವುದನ್ನೂ ಮುಚ್ಚಿಟ್ಟಿರಲಿಲ್ಲ, ನಾವು ಕೇಳಿರಲಿಲ್ಲ.

ಆ ರಾತ್ರಿಯ ಮಾತುಗಳನ್ನು ಎಷ್ಟು ಬರೆಯಬೇಕೋ ತಿಳಿಯದು. ನಮ್ಮ ಮನೆಯವರು ಬಾಲ್ಯದಲ್ಲಿ ಲಿಂಗದೀಕ್ಷೆ ಪಡೆದವರು. ಲಿಂಗಕ್ಕೆ ಅರ್ಪಿಸದೆ ತುತ್ತು ಎತ್ತಿದವರಲ್ಲ. ಆ ಖಾನಾವಳಿಯಲ್ಲಿಯೂ ಸೆರಗಿನ ಮರೆಯಲ್ಲಿ ಅರ್ಪಿಸಿಯೇ ಉಂಡಿದ್ದರು. ಕೋಣೆಗೆ ಬಂದು, ತಲೆಯ ಮೇಲೆ ನೀರು ಹಾಕಿಕೊಂಡು, ಬಹಳ ಹೊತ್ತು ಪೂಜೆಗೆ ಕುಳಿತರು. ಎದ್ದ ಮೇಲೆ ಮಗನನ್ನು ಕರೆದರು.

‘ನಿನಗ ಮೊದಲ ಗೊತ್ತಿತ್ತೇನು?’

‘ಗೊತ್ತಿತ್ತವ್ವಾ. ಹೇಳಿದ್ರ ನೀ ಉಪವಾಸ ಬೀಳ್ತಿ ಅಂತ ಹೇಳಲಿಲ್ಲ.’

‘ಒಂದು ವಾರ ಉಪವಾಸ ಬಿದ್ರ ನಾ ಏನು ಸಾಯ್ತಿದ್ದಿಲ್ಲ. ಮೂರು ದಿನ ಲಿಂಗಕ್ಕ ಏನು ತೋರಿಸಿದೆನೋ ತಮ್ಮಾ ನಾನು?’

ಮಗನ ಬಳಿ ಉತ್ತರವಿರಲಿಲ್ಲ. ‘ನೀನೂ ಇವನ್ನೆಲ್ಲ ತಿನ್ನುತ್ತೀಯೇನು?’ ಎಂದು ಅವರು ಕೇಳಲಿಲ್ಲ. ಅವನೂ ತಾನಾಗಿ ಹೇಳಲಿಲ್ಲ. ಆ ಪ್ರಶ್ನೆ ಇಂದಿಗೂ ನಮ್ಮ ಮನೆಯಲ್ಲಿ ಕೇಳದೆಯೇ ಉಳಿದಿದೆ.

ಇನ್ನೊಂದು ಮಾತನ್ನು ಇಲ್ಲಿಯೇ ಬರೆಯಬೇಕು. ಇದುವರೆಗೆ ‘ನಾವು’ ಎಂದಲ್ಲಿ ಗಂಡಹೆಂಡತಿ ಇಬ್ಬರೂ ಸೇರಿದ್ದುಂಟು. ಈ ಮಾತಿನಲ್ಲಿ ಬರುವ ‘ನಾವು’ ಮಾತ್ರ ಬರೆಯುತ್ತಿರುವ ನಾವೊಬ್ಬರೇ. ಹ್ಯೂಸ್ಟನ್ನಿನ ಮನೆಯಲ್ಲಿದ್ದ ಒಂದು ಪ್ರವಾಸದ ಪುಸ್ತಕದಲ್ಲಿ, ಮೆಕ್ಸಿಕೋದಲ್ಲಿ ಕಾಳಿಗೆ ಹಂದಿಯ ಕೊಬ್ಬನ್ನು ಹಾಕುವುದುಂಟು, ಸಸ್ಯಾಹಾರಿಗಳು ವಿಚಾರಿಸಿಕೊಳ್ಳಬೇಕು ಎಂಬ ಸಾಲನ್ನು ನಾವು ಓದಿದ್ದೆವು. ಮೊದಲ ಸಂಜೆ ಆ ಪಲ್ಯದ ವಾಸನೆಯಲ್ಲಿ ಎಣ್ಣೆಯದಲ್ಲದ, ತುಪ್ಪದದೂ ಅಲ್ಲದ ಏನೋ ಒಂದು ಮೂಗಿಗೆ ತಾಗಿದಾಗ ಆ ಸಾಲು ನೆನಪಿಗೆ ಬಂದಿತ್ತು. ಎದುರಿಗೆ ನಮ್ಮ ಮನೆಯವರು ಸಂತೋಷದಿಂದ ಉಣ್ಣುತ್ತಿದ್ದರು, ನಮಗೂ ಹಸಿವಾಗಿತ್ತು, ಪಲ್ಯ ರುಚಿಯಾಗಿತ್ತು. ಕೇಳಲಿಲ್ಲ. ಮಗನು ತಾಯಿಯ ಎದುರು ತಲೆ ತಗ್ಗಿಸಿ ನಿಂತಾಗಲೂ ನಾವು ಕಿಟಕಿಯಾಚೆಗೆ ಸಮುದ್ರವನ್ನು ನೋಡುತ್ತ ನಿಂತಿದ್ದೆವು.

ಮರುದಿನ ಉತ್ತರದಿಂದ ಬಿರುಸಾದ ಗಾಳಿ ಬೀಸತೊಡಗಿತು. ಚಳಿಗಾಲದಲ್ಲಿ ಆ ಕಡಲಿನ ಮೇಲೆ ಹೀಗೆ ಬೀಸುವ ಗಾಳಿಗೆ ‘ನಾರ್ತೆ’ ಎನ್ನುತ್ತಾರೆ. ಅದು ಬಂದಿತೆಂದರೆ ಬಂದರಿನ ಅಧಿಕಾರಿಗಳು ಸಣ್ಣ ದೋಣಿಗಳಿಗೆ ಸಮುದ್ರವನ್ನು ಮುಚ್ಚುತ್ತಾರೆ. ಡೈವಿಂಗ್ ನಿಂತಿತು. ನಮ್ಮ ಮನೆಯವರು ಎಳನೀರಿನ ಹೊರತು ಏನನ್ನೂ ಮುಟ್ಟಿರಲಿಲ್ಲ. ಕಡಕ್ ರೊಟ್ಟಿ ಹಿಂದಿನ ದಿನವೇ ತೀರಿತ್ತು. ‘ಬಾರವ್ವಾ, ಇವತ್ತು ನಿನ್ನ ಊಟ ಹುಡುಕೂಣು’ ಎಂದು ಮಗನು ಎಬ್ಬಿಸಿದನು. ಅವರು ಮಾತಿಲ್ಲದೆ ಚಪ್ಪಲಿ ಮೆಟ್ಟಿದರು.

ಸ್ಯಾನ್ ಮಿಗೆಲ್ ಊರಿನ ಬೀದಿಗಳ ಲೆಕ್ಕ ಸುಲಭ. ಸಮುದ್ರಕ್ಕೆ ಸಮಾನಾಂತರವಾದ ರಸ್ತೆಗಳಿಗೆ 5, 10, 15, 20 ಎಂದು ಐದರ ಮಗ್ಗಿಯ ಹೆಸರುಗಳು. ಸಮುದ್ರಕ್ಕೆ ಬೆನ್ನು ಹಾಕಿ ನಡೆದಂತೆ ಅಂಕಿ ಏರುತ್ತದೆ, ಬೆಲೆ ಇಳಿಯುತ್ತದೆ. ಐದನೆಯ ರಸ್ತೆಯಲ್ಲಿ ಒಡವೆಯ ಅಂಗಡಿಗಳು. ಹತ್ತು, ಹದಿನೈದಕ್ಕೆ ಬಂದರೆ ಔಷಧದಂಗಡಿ, ಬಟ್ಟೆಯಂಗಡಿ, ಶಾಲೆಯ ಮಕ್ಕಳು. ಇಪ್ಪತ್ತನ್ನು ದಾಟುವಷ್ಟರಲ್ಲಿ ಪುರಸಭೆಯ ಮಾರುಕಟ್ಟೆ. ಅಲ್ಲಿ ಡಾಲರಿನ ಮಾತು ನಿಂತು ಪೆಸೋ ಆರಂಭವಾಗುತ್ತದೆ. ಈ ದ್ವೀಪಕ್ಕೆ ಹೋಗುವವರಿಗೆ ನಾವು ಕೊಡಬಹುದಾದ ದೊಡ್ಡ ಸಲಹೆ ಇದೇ: ಹೊಟ್ಟೆ ಹಸಿದಾಗ ಸಮುದ್ರಕ್ಕೆ ಬೆನ್ನು ಹಾಕಿ ನಡೆಯಿರಿ.

ಮಾರುಕಟ್ಟೆಯ ಹಣ್ಣಿನ ಮಳಿಗೆಯ ಎದುರು ನಮ್ಮ ಮನೆಯವರು ನಿಂತರು. ಪಪ್ಪಾಯಿ, ಪೇರಲ, ಸೀತಾಫಲದ ಬಳಗದ ಹಣ್ಣುಗಳು, ಚಿಕ್ಕು. ‘ಇವೆಲ್ಲ ನಮ್ಮವ ಅದಾವಲ್ಲ’ ಎಂದರು. ಅಂದು ಅವರು ಆಡಿದ ಮೊದಲ ಮಾತು ಅದು. ನಿಜ ಸಂಗತಿ ತಿರುಗುಮುರುಗು. ಅವೆಲ್ಲ ಅವರವು. ಚಿಕ್ಕು ಹಣ್ಣಿನ ಮರವು ಆ ಯುಕಟಾನ್ ಸೀಮೆಯ ಕಾಡಿನ ಮರ. ಅದರ ಹಾಲಿನಿಂದಲೇ ಒಂದು ಕಾಲಕ್ಕೆ ಜಗತ್ತಿನ ಚ್ಯೂಯಿಂಗ್ ಗಮ್ ತಯಾರಾಗುತ್ತಿತ್ತು. ಪೇರಲ, ಪಪ್ಪಾಯಿ, ಟೊಮೆಟೊ, ಮೆಕ್ಕೆಜೋಳ, ಎಲ್ಲಕ್ಕಿಂತ ಮಿಗಿಲಾಗಿ ಮೆಣಸಿನಕಾಯಿ, ಇವೆಲ್ಲ ಅಮೆರಿಕ ಖಂಡದಿಂದ ಪೋರ್ಚುಗೀಸರ ಕಾಲದಲ್ಲಿ ಮತ್ತು ಅನಂತರ ನಮ್ಮಲ್ಲಿಗೆ ಬಂದವು. ಬ್ಯಾಡಗಿ ಮೆಣಸಿನಕಾಯಿಯ ತವರುಮನೆ ಆ ಕಡೆಯದು. ಅದಕ್ಕೆ ಬದಲಾಗಿ ಹುಣಿಸೆ, ಮಾವುಗಳು ಅಲ್ಲಿಗೆ ಹೋದವು. ಇದನ್ನೆಲ್ಲ ನಾವು ವಿವರಿಸುತ್ತಿದ್ದರೆ ಅವರು ನಾಲ್ಕು ಚಿಕ್ಕು ಆರಿಸಿಕೊಂಡು ಬೆಲೆ ಕೇಳಿ ಎಂದರು.

ಪಕ್ಕದಲ್ಲಿಯೇ ಟೊರ್ಟಿಯಾ ಮಾಡುವ ಅಂಗಡಿ. ಯಂತ್ರದಿಂದ ಸಾಲಾಗಿ ಬೀಳುವ ರೊಟ್ಟಿಗಳನ್ನು ಕಿಲೋ ಲೆಕ್ಕದಲ್ಲಿ ತೂಗಿ, ಕಾಗದದಲ್ಲಿ ಸುತ್ತಿ ಕೊಡುತ್ತಾರೆ. ‘ಇದಕ್ಕೇನು ಹಾಕ್ಯಾರ ಕೇಳು’ ಎಂದರು ನಮ್ಮ ಮನೆಯವರು. ಮಗನು ಈ ಸಲ ಕೇಳಿದನು. ಕೇಳಿದ್ದಷ್ಟೇ ಅಲ್ಲ, ಒಪ್ಪಿಗೆ ಪಡೆದು ತಾಯಿಯನ್ನು ಒಳಕ್ಕೆ ಕರೆದೊಯ್ದು ತೋರಿಸಿದನು. ಮೆಕ್ಕೆಜೋಳ, ಸುಣ್ಣ, ನೀರು. ನಾಲ್ಕನೆಯ ವಸ್ತುವಿಲ್ಲ. ಗೋದಿಯ ಟೊರ್ಟಿಯಾಕ್ಕೆ ಕೊಬ್ಬು ಸೇರಿಸುವುದುಂಟು. ಮೆಕ್ಕೆಜೋಳದ್ದಕ್ಕೆ ಅದು ಬೇಕಾಗುವುದಿಲ್ಲ. ಎದುರಿನ ಕಟ್ಟೆಯ ಮೇಲೆ ಕುಳಿತು, ಡಬ್ಬಿಯ ತಳದಲ್ಲಿದ್ದ ಶೇಂಗಾ ಚಟ್ನಿಯೊಂದಿಗೆ ಅವರು ಮೂರು ರೊಟ್ಟಿ ಉಂಡರು. ಮಗನು ನೀರಿನ ಬಾಟಲಿಯನ್ನು ಹಿಡಿದು ಪಕ್ಕದಲ್ಲಿ ನಿಂತಿದ್ದನು.

ಮಾರುಕಟ್ಟೆಯ ಹಿಂಬದಿಯ ಓಣಿಯೊಂದರಲ್ಲಿ ‘ಕೊಸೀನಾ ಎಕೊನಾಮಿಕಾ’ ಎಂಬ ಹಲಗೆ ಕಂಡಿತು. ಅಗ್ಗದ ಅಡುಗೆಮನೆ ಎಂದು ಅದರ ಅರ್ಥ. ಮಧ್ಯಾಹ್ನ ಮಾತ್ರ ಊಟ ಹಾಕುವ ಇಂಥ ಮನೆಗಳು ಆ ದೇಶದ ಊರೂರಲ್ಲಿವೆ. ನಮ್ಮ ಕಡೆಯ ಖಾನಾವಳಿಗಳ ಒಡಹುಟ್ಟು ಎನ್ನಬಹುದು. ಅದನ್ನು ನಡೆಸುವವರು ಅರುವತ್ತೈದರ ಸಮೀಪದ ಒಬ್ಬ ಮಾಯಾ ಜನಾಂಗದ ತಾಯಿ. ಕುತ್ತಿಗೆಯ ಸುತ್ತ ಬಣ್ಣದ ಕಸೂತಿಯಿರುವ ಬಿಳಿಯ ಅಂಗಿ ತೊಟ್ಟಿದ್ದರು. ಗಿರಾಕಿಗಳು ಅವರನ್ನು ‘ದೋನ್ಯಾ’ ಎಂದು ಗೌರವದಿಂದ ಕರೆಯುತ್ತಿದ್ದರು. ನಾವೂ ಹಾಗೆಯೇ ಕರೆದೆವು.

ಮಗನು ಸ್ಪ್ಯಾನಿಷ್ ಭಾಷೆಯಲ್ಲಿ ತಾಯಿಯ ನಿಯಮಗಳನ್ನು ಹೇಳಿದನು. ಮಾಂಸ ಬೇಡವೆಂದನು. ‘ಮೀನು?’ ಬೇಡ. ‘ಮೊಟ್ಟೆ?’ ಬೇಡ. ‘ಕೋಳಿ?’ ಅದೂ ಬೇಡ. ಆ ಭಾಷೆಯಲ್ಲಿ ‘ಕಾರ್ನೆ’ ಎಂದರೆ ದನ, ಹಂದಿಗಳ ಮಾಂಸವೆಂದೇ ರೂಢಿ. ಕೋಳಿಯನ್ನು ಬೇರೆಯಾಗಿ ಬೇಡವೆನ್ನಬೇಕು. ಕೊನೆಗೆ ಮಾಂತೇಕಾ ಕೂಡ ಬೇಡವೆಂದಾಗ ಅವರು ಕೈಯಲ್ಲಿದ್ದ ಸೌಟನ್ನು ಕೆಳಗಿಟ್ಟು ನಮ್ಮ ಮನೆಯವರನ್ನು ಒಮ್ಮೆ ನೋಡಿದರು. ಆಮೇಲೆ ಏನೋ ಹೇಳಿದರು. ಮಗನು ಅನುವಾದಿಸಿದನು: ‘ನಮ್ಮಜ್ಜಿ ಕಷ್ಟದ ದಿನಗಳಲ್ಲಿ ಮಾಡುತ್ತಿದ್ದ ಅಡುಗೆಯನ್ನು ಮಾಡುತ್ತೇನೆ, ನಾಳೆ ಹನ್ನೆರಡಕ್ಕೆ ಬನ್ನಿ ಅಂತಾರ.’

ಈ ಮಾತಿನಲ್ಲಿ ಎಷ್ಟು ಚರಿತ್ರೆ ಅಡಗಿದೆ ಎಂಬುದು ನಮಗೆ ಆಮೇಲೆ ಹೊಳೆಯಿತು. ಮೆಕ್ಸಿಕೋದ ಮೂಲಜನರಲ್ಲಿ ಸಾಕಿದ ಹಂದಿಯಿರಲಿಲ್ಲ, ದನವಿರಲಿಲ್ಲ. ಜಿಂಕೆ, ಟರ್ಕಿಕೋಳಿಗಳನ್ನು ತಿನ್ನುತ್ತಿದ್ದರು. ಅವರನ್ನು ಸಸ್ಯಾಹಾರಿಗಳೆಂದು ನಾವು ಹೇಳುತ್ತಿಲ್ಲ. ಆದರೆ ಕೊಬ್ಬಿನಲ್ಲಿ ಕರಿಯುವ ಈ ರೂಢಿ ಸ್ಪೇನಿನವರು ತಂದದ್ದು. ಅರ್ನಾನ್ ಕೊರ್ತೇಸ್ ಎಂಬ ದಂಡನಾಯಕನು 1519ರಲ್ಲಿ ಮೆಕ್ಸಿಕೋವನ್ನು ಗೆಲ್ಲಲು ಹೊರಟಾಗ ಮೊದಲು ಇಳಿದದ್ದು ಇದೇ ಕೊಜುಮೆಲ್ ದ್ವೀಪದಲ್ಲಿ. ಆಗ ಇದು ಇಶ್ಚೆಲ್ ಎಂಬ ಮಾಯಾ ದೇವಿಯ ಯಾತ್ರಾಸ್ಥಳ. ಹೆಣ್ಣುಮಕ್ಕಳು ಸಂತಾನವನ್ನು ಬೇಡಿಕೊಳ್ಳಲು ದೋಣಿಯಲ್ಲಿ ಬರುತ್ತಿದ್ದರು. ಕೊರ್ತೇಸನು ಇಲ್ಲಿಯ ವಿಗ್ರಹಗಳನ್ನು ಒಡೆಸಿ ಶಿಲುಬೆಯನ್ನು ನಿಲ್ಲಿಸಿದನು. ಮರುವರ್ಷ ಸಿಡುಬು ಬಂದು ಜನ ಅಳಿದರು. ಸ್ಪೇನಿನವರ ಆಳ್ವಿಕೆ ಬೇರೂರಿದಂತೆ ಅವರ ಹಂದಿ, ದನ, ಗೋದಿಗಳೂ ಬೇರೂರಿದವು. ಮೆಕ್ಕೆಜೋಳ, ಕಾಳು, ಕುಂಬಳ ಈ ಮೂರನ್ನು ನಮ್ಮ ಅಕ್ಕಡಿ ಸಾಲಿನಂತೆ ಒಂದೇ ಹೊಲದಲ್ಲಿ ಬೆಳೆದು ಉಣ್ಣುವ ಪದ್ಧತಿ ಅದಕ್ಕಿಂತ ಸಾವಿರಾರು ವರ್ಷ ಹಿಂದಿನದು.

ಮರುದಿನ ಹನ್ನೆರಡಕ್ಕೆ ಹೋದೆವು. ಗಾಳಿ ಇನ್ನೂ ಇಳಿದಿರಲಿಲ್ಲ. ದೋನ್ಯಾ ನಮ್ಮ ಮನೆಯವರನ್ನು ಮೊದಲು ಅಡುಗೆಮನೆಯೊಳಕ್ಕೇ ಕರೆದು, ಒಂದೊಂದೇ ಪಾತ್ರೆಯ ಮುಚ್ಚಳ ತೆಗೆದು ತೋರಿಸಿದರು. ಕಪ್ಪು ಕಾಳನ್ನು ಈರುಳ್ಳಿ, ಉಪ್ಪು, ಎಪಸೋತೆ ಎಂಬ ಘಾಟು ವಾಸನೆಯ ಸೊಪ್ಪಿನೊಂದಿಗೆ ಬೇಯಿಸಿದ್ದರು. ಇದು ‘ಗಡಿಗೆಯ ಕಾಳು’. ಸಾಮಾನ್ಯವಾಗಿ ಇದನ್ನು ಬಾಣಲೆಗೆ ಹಾಕಿದ ಮೇಲೆ ಕೊಬ್ಬು ಸೇರುವುದು. ಬಾಣಲೆಗೆ ಹೋಗುವ ಮುಂಚೆ ನಮ್ಮ ಕಟ್ಟಿನ ಸಾರಿನಂತೆಯೇ ತಿಳಿ, ಪರಿಮಳ. ಎರಡನೆಯದು ‘ಚಾಯಾ’ ಎಂಬ ಗಿಡದ ಎಲೆಯ ಪಲ್ಯ. ಇದನ್ನು ಹಸಿಯಾಗಿ ತಿನ್ನಬಾರದು, ಹಸಿ ಎಲೆಯಲ್ಲಿ ವಿಷದ ಅಂಶವಿರುತ್ತದೆ. ಚೆನ್ನಾಗಿ ಬೆಂದರೆ ಬಹಳ ಪುಷ್ಟಿಕರ.

ಮೂರನೆಯದನ್ನು ನಾವು ಮರೆಯಲಾರೆವು. ಹೆಸರು ‘ಸಿಕಿಲ್ ಪಾಕ್’. ಮಾಯಾ ಭಾಷೆಯಲ್ಲಿ ಸಿಕಿಲ್ ಎಂದರೆ ಕುಂಬಳದ ಬೀಜ, ಪಾಕ್ ಎಂದರೆ ಟೊಮೆಟೊ. ಬೀಜವನ್ನು ಹಂಚಿನ ಮೇಲೆ ಹುರಿದು ಕುಟ್ಟಿ, ಸುಟ್ಟ ಟೊಮೆಟೊ, ಕೊತ್ತಂಬರಿ, ಅಬಾನೆರೋ ಎಂಬ ಸಿಡಿಮದ್ದಿನಂಥ ಮೆಣಸಿನಕಾಯಿಗಳೊಂದಿಗೆ ಕಲಸಿದ ಗಟ್ಟಿ ಚಟ್ನಿ. ನಮ್ಮ ಮನೆಯವರು ಬೆರಳ ತುದಿಯಲ್ಲಿ ರುಚಿ ನೋಡಿ ಕಣ್ಣು ಮುಚ್ಚಿದರು. ‘ಗುರೆಳ್ಳು ಚಟ್ನಿಯ ಅಕ್ಕ’ ಎಂದರು. ಕುಡಿಯಲು ಕೆಂಪು ಪಾನಕ. ಹಾಮೈಕಾ ಎಂಬ ಅದರ ಒಣ ಹೂವನ್ನು ನೋಡಿದೊಡನೆಯೇ ಅವರು ಗುರುತು ಹಿಡಿದರು. ಪುಂಡಿ! ನಾವು ಎಲೆಯನ್ನು ಪಲ್ಯ ಮಾಡಿ ಉಂಡರೆ ಅವರು ಅದೇ ಬಳಗದ ಗಿಡದ ಹೂವನ್ನು ಕುದಿಸಿ ಕುಡಿಯುತ್ತಾರೆ.

ಉಣ್ಣುವ ಮೊದಲು ನಮ್ಮ ಮನೆಯವರು ಸೆರಗು ಹೊದ್ದು ತುಸು ಹೊತ್ತು ಕಣ್ಣು ಮುಚ್ಚಿ ಕುಳಿತರು. ದೋನ್ಯಾ ಬಿಸಿ ರೊಟ್ಟಿ ಹಿಡಿದು ಬಾಗಿಲಲ್ಲಿಯೇ ನಿಂತು, ಅವರು ಕಣ್ಣು ತೆರೆದ ಮೇಲೆ ಬಂದು ಬಡಿಸಿದರು.

ಊಟವಾದ ಬಳಿಕ ಇಬ್ಬರು ಹೆಣ್ಣುಮಕ್ಕಳ ನಡುವೆ ರೊಟ್ಟಿಯ ಮಾತು ಹೊರಟಿತು. ಭಾಷೆಯಿಲ್ಲದ ಮಾತು. ಮೆಕ್ಕೆಜೋಳದ ಕಾಳನ್ನು ಸುಣ್ಣದ ನೀರಿನಲ್ಲಿ ಕುದಿಸಿ, ರಾತ್ರಿಯೆಲ್ಲ ಅದರಲ್ಲಿಯೇ ಬಿಟ್ಟು, ಬೆಳಿಗ್ಗೆ ಸಿಪ್ಪೆ ಹೋಗುವಂತೆ ತಿಕ್ಕಿ ತೊಳೆದು ಅರೆಯುತ್ತಾರೆ. ನಮ್ಮ ಎಲೆಯಡಿಕೆಯ ಸುಣ್ಣದ ಜಾತಿಯದೇ ಅದು. ಸುಣ್ಣವು ಸಿಪ್ಪೆಯನ್ನು ಸಡಿಲಿಸುವುದಷ್ಟೇ ಅಲ್ಲ, ಹಿಟ್ಟಿಗೆ ಜಿಗಿಯನ್ನೂ ಕೊಡುತ್ತದೆ. ಜೋಳದ ರೊಟ್ಟಿಗೆ ನಾವು ಎಸರು ಹಾಕುವುದು ಅದೇ ಜಿಗಿಗಾಗಿ. ಇದಕ್ಕಿಂತ ಮುಖ್ಯವಾದ ಸಂಗತಿಯೊಂದಿದೆ. ಮೆಕ್ಕೆಜೋಳದಲ್ಲಿ ದೇಹಕ್ಕೆ ದಕ್ಕದಂತೆ ಬಂಧಿತವಾಗಿರುವ ನಿಯಾಸಿನ್ ಎಂಬ ಜೀವಸತ್ವವನ್ನು ಸುಣ್ಣ ಬಿಡಿಸಿಕೊಡುತ್ತದೆ. ಯುರೋಪಿನವರು ಕಾಳನ್ನು ಒಯ್ದರು, ಸುಣ್ಣದ ವಿದ್ಯೆಯನ್ನು ಒಯ್ಯಲಿಲ್ಲ. ಪರಿಣಾಮವಾಗಿ ಹದಿನೆಂಟನೆಯ ಶತಮಾನದಿಂದ ಇಟಲಿ, ಸ್ಪೇನುಗಳ ಬಡವರಲ್ಲಿ ಪೆಲಾಗ್ರಾ ಎಂಬ ಘೋರ ಚರ್ಮರೋಗ, ಬುದ್ಧಿಭ್ರಮಣೆ ಹರಡಿದವು. ಅಡುಗೆಮನೆಯಲ್ಲಿದ್ದ ಹೆಂಗಸರ ಜ್ಞಾನವನ್ನು ಯಾರೂ ಕೇಳಿ ಬರೆದುಕೊಳ್ಳಲಿಲ್ಲವೆಂದು ಕಾಣುತ್ತದೆ.

ದೋನ್ಯಾ ಮೇಜಿನ ಮೇಲೆ ಪ್ಲಾಸ್ಟಿಕ್ ಹಾಳೆಯ ತುಂಡನ್ನಿಟ್ಟು, ಉಂಡೆಯನ್ನು ಬೆರಳುಗಳಿಂದ ತಟ್ಟುತ್ತ, ಇನ್ನೊಂದು ಕೈಯಿಂದ ಹಾಳೆಯನ್ನು ತಿರುಗಿಸುತ್ತ ರೊಟ್ಟಿಯನ್ನು ದುಂಡಗೆ ಮಾಡುತ್ತಿದ್ದರು. ನಮ್ಮ ಮನೆಯವರು ತಾವೂ ಕೈ ತೊಳೆದರು. ಮೊದಲನೆಯದು ಹರಿಯಿತು. ಎರಡನೆಯದು ದಪ್ಪವಾಯಿತು. ಮೂರನೆಯದು ಹಂಚಿನ ಮೇಲೆ ಬಿದ್ದು, ತಿರುವಿ ಹಾಕಿದಾಗ ಪೂರಿಯಂತೆ ಉಬ್ಬಿತು. ಅದನ್ನು ಅವರು ತಾವೇ ಕೈಯಲ್ಲಿ ಎತ್ತಿ, ಬಾಗಿಲಲ್ಲಿ ನಿಂತಿದ್ದ ಮಗನ ತಟ್ಟೆಗೆ ಹಾಕಿದರು. ‘ತಗೋ, ಆರಿ ಹೋಗ್ತದ’ ಎಂದರು. ಎರಡು ದಿನಗಳಲ್ಲಿ ಅವನೊಡನೆ ತಾವಾಗಿ ಆಡಿದ ಮೊದಲ ಮಾತು.

ಗಾಳಿ ಇಳಿಯಿತು. ಮಗನೂ ಸೊಸೆಯೂ ಮತ್ತೆ ಎರಡು ದಿನ ಮುಳುಗಿದರು. ಹೊಳೆಯುವ ಹಳದಿ ಅಂಚಿನ ರೆಕ್ಕೆಗಳ, ಮುಖಕ್ಕೆ ಜೀಬ್ರಾದಂಥ ಪಟ್ಟೆಗಳಿರುವ ಒಂದು ಕಪ್ಪೆಮೀನನ್ನು ಹವಳದ ಗೂಡಿನಲ್ಲಿ ಕಂಡೆವೆಂದು ಸೊಸೆಯು ಸಂಭ್ರಮಪಟ್ಟಳು. ಕೊಜುಮೆಲ್‌ನ ಹೆಮ್ಮೆಯ ಮೀನಂತೆ ಅದು. ಮಧ್ಯಾಹ್ನದ ಊಟ ಮಾತ್ರ ದಿನವೂ ದೋನ್ಯಾ ಅವರಲ್ಲಿಯೇ. ಕೊನೆಯ ಬಾರಿ ಮುಳುಗಿದ ಮೇಲೆ ಒಂದು ದಿನ ವಿಮಾನ ಹತ್ತಬಾರದಂತೆ. ನೀರಿನ ಒತ್ತಡದಲ್ಲಿ ರಕ್ತಕ್ಕೆ ಸೇರಿದ ಸಾರಜನಕವು ಮೇಲೆ ಹೋದಾಗ ಗುಳ್ಳೆಯಾಗಿ ಅಪಾಯ ತರುತ್ತದೆ. ಹೀಗಾಗಿ ಕೊನೆಯ ದಿನ ಪೂರ್ತಿ ಬಿಡುವು. ಅಂದು ನಮ್ಮ ಮನೆಯವರು ಗುರೆಳ್ಳು ಚಟ್ನಿಯ ಡಬ್ಬಿಯನ್ನು ದೋನ್ಯಾ ಅವರ ಕೈಗಿತ್ತರು. ಅವರು ಒಂದು ಸೇರಿನಷ್ಟು ಹುರಿದ ಕುಂಬಳದ ಬೀಜವನ್ನು ಕಟ್ಟಿಕೊಟ್ಟರು. ಊಟದ ಹಣವನ್ನು ಅಂದು ತೆಗೆದುಕೊಳ್ಳಲಿಲ್ಲ. ಮಗನು ತಟ್ಟೆಯ ಕೆಳಗೆ ಇಟ್ಟು ಬಂದನು.

ಹೋಗುವವರಿಗಾಗಿ ಒಂದೆರಡು ಮಾತು. ‘ಸಿನ್ ಮಾಂತೇಕಾ’, ಕೊಬ್ಬಿಲ್ಲದೆ, ಎಂಬುದನ್ನು ಬಾಯಿಪಾಠ ಮಾಡಿಕೊಳ್ಳಿರಿ. ‘ಮಾಂತೆಕಿಯಾ’ ಎಂದರೆ ಬೆಣ್ಣೆ, ಎರಡರ ನಡುವೆ ಗೊಂದಲವಾಗುತ್ತದೆ. ಕೆಂಪಗಿನ ಅನ್ನವನ್ನು ಕೋಳಿಯ ಸಾರಿನಲ್ಲಿ ಬೇಯಿಸಿರುವುದುಂಟು, ಅದನ್ನೂ ಕೇಳಬೇಕು. ಪಾಪಾದ್ಸೂಲ್ ಎಂಬ ಕುಂಬಳದ ಬೀಜದ ಖಾದ್ಯ ನೋಡಲು ನಿರುಪದ್ರವಿ, ಒಳಗೆ ಮೊಟ್ಟೆಯಿರುತ್ತದೆ. ಪಾಪಸುಕಳ್ಳಿಯ ಪಲ್ಯ ಸಿಕ್ಕರೆ ಬಿಡಬೇಡಿರಿ. ಕೇಳಲು ಸಂಕೋಚಪಡಬೇಕಾಗಿಲ್ಲ, ಅಲ್ಲಿಯ ಜನ ಬೇಸರಪಟ್ಟುಕೊಳ್ಳುವುದಿಲ್ಲ.

ಊರಿಗೆ ಬಂದ ಮೇಲೆ ನಮ್ಮ ಮನೆಯವರು ಎಲೆಯಡಿಕೆಯ ಸುಣ್ಣವನ್ನು ತರಿಸಿ ಮೆಕ್ಕೆಜೋಳ ಕುದಿಸಿ ನೋಡಿದರು. ನಮ್ಮ ಕಾಳು ಬೇರೆ ತಳಿಯದೋ, ಸುಣ್ಣ ಹೆಚ್ಚಾಯಿತೋ, ರೊಟ್ಟಿ ಹಳದಿಯಾಗಿ ಕಹಿಯಾಯಿತು. ಎಮ್ಮೆಗೆ ಹಾಕಿದರೆ ಅದೂ ಮೂಸಿ ಬಿಟ್ಟಿತು. ಎರಡನೆಯ ಸಲ ಸರಿಯಾಯಿತು. ಅಂದು ಊಟಕ್ಕೆ ಕುಳಿತಾಗ, ಪುಸ್ತಕದಲ್ಲಿ ಓದಿದ್ದ ಸಾಲಿನ ಮಾತನ್ನು, ಮೊದಲ ಸಂಜೆಯ ವಾಸನೆಯ ಮಾತನ್ನು ನಾವು ಅವರಿಗೆ ಹೇಳಿದೆವು. ಕೇಳಿ ಅವರು ಬಹಳ ಹೊತ್ತು ಏನನ್ನೂ ಅನ್ನಲಿಲ್ಲ. ಹಂಚಿನ ಮೇಲಿದ್ದ ರೊಟ್ಟಿಯನ್ನು ತಿರುವಿ ಹಾಕಿದರು.

‘ಇದನ್ನ ಅವತ್ತ ಹೇಳಿದ್ರ, ಹುಡುಗನ ಮ್ಯಾಲಿನ ಸಿಟ್ಟು ಅರ್ಧ ನಿಮ್ಮ ಮ್ಯಾಲ ಬರ್ತಿತ್ತು. ಅವಗ ಅಷ್ಟು ಹಗುರ ಆಗ್ತಿತ್ತು’ ಎಂದರು. ಸ್ವಲ್ಪ ಹೊತ್ತಿನ ನಂತರ, ‘ಸಂಜಿಗೆ ಫೋನ್ ಹಚ್ಚಿ ಕೊಡ್ರಿ, ಅವನ ಜೋಡಿ ಮಾತಾಡೂದೈತಿ’ ಎಂದರು. ಸಂಜೆ ಫೋನ್ ಹಚ್ಚಿಕೊಟ್ಟೆವು. ಬಾಗಿಲು ಮುಚ್ಚಿಕೊಂಡು ತಾಯಿಮಗ ಅರ್ಧ ತಾಸು ಮಾತನಾಡಿದರು. ಏನು ಮಾತನಾಡಿದಿರಿ ಎಂದು ನಾ‌ವು ಕೇಳಲಿಲ್ಲ.